ತಲೆಬುರುಡೆಯ ತೆರಪಿಗೆ ಮುಚ್ಚಳ: ಸ್ವಂತ ಎಲುಬೋ, ಕೃತಕ ವಸ್ತುವೋ?

ಕೈಯೋ ಕಾಲೋ ಮುರಿದರೆ ಎಲುಬು ಕೂಡಿಕೊಳ್ಳುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಡಾಕ್ಟರರು ಸರಿಯಾಗಿ ಹೊಂದಿಸಿ ಪ್ಲಾಸ್ಟರು ಹಾಕಿದರೆ ಉಳಿದ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ. ತಲೆಬುರುಡೆಯ ಮಾತು ಬೇರೆ. ಕೂದಲೆಳೆಯಂಥ ಬಿರುಕು ಕೂಡೀತು. ಆದರೆ ಅಂಗೈಯಗಲದ ತುಂಡೊಂದು ಹೋಯಿತೆಂದರೆ ದೊಡ್ಡವರಲ್ಲಿ ಆ ತೆರಪು ಎಷ್ಟು ವರ್ಷ ಕಾದರೂ ತಾನಾಗಿ ಮುಚ್ಚುವುದಿಲ್ಲ. ಅದನ್ನು ವೈದ್ಯರೇ ಮುಚ್ಚಬೇಕು. ಏತರಿಂದ ಮುಚ್ಚುವುದು ಯುಕ್ತ ಎಂಬುದೇ ಈ ಲೇಖನದ ವಿಷಯ.

ಇಂಥ ವಿಷಯ ನಮ್ಮ ವಾಚನಾಲಯದ ಪತ್ರಿಕೆಗೆ ಏಕೆ ಬಂತೆಂದು ಕೆಲವರು ಕೇಳಬಹುದು. ನಮ್ಮವರು ದುಡಿಯುವ ಸ್ಥಳಗಳನ್ನು ಒಮ್ಮೆ ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಕಟ್ಟಡದ ಸಾರುವೆಯ ಮೇಲೆ ನಿಲ್ಲುವವರು, ಗಿರಣಿಯಲ್ಲಿ ಯಂತ್ರದ ಬದಿಗಿರುವವರು, ಲಾರಿಯ ಮೇಲೆ ಮೂಟೆ ಏರಿಸುವವರು, ಹೊಟೆಲಿನಿಂದ ನಡುರಾತ್ರಿ ಮೋಟರ್ ಸೈಕಲಿನಲ್ಲಿ ಕೋಣೆಗೆ ಮರಳುವವರು—ತಲೆಗೆ ಪೆಟ್ಟು ಬೀಳುವ ಭಯ ಇವರೆಲ್ಲರಿಗೂ ಉಂಟು. ಪೆಟ್ಟು ಬಿದ್ದಾಗ ಮನೆಯವರು ವಿಜಾಪುರದಲ್ಲೋ ಕುಂದಾಪುರದಲ್ಲೋ ಇರುತ್ತಾರೆ. ಆಸ್ಪತ್ರೆಯ ಕಾಗದಕ್ಕೆ ರುಜು ಹಾಕಲು ನಿಲ್ಲುವವನು ಜತೆಯಲ್ಲಿ ಬಾಡಿಗೆಗಿರುವ ಗೆಳೆಯನೋ, ಊರಿನ ಕಡೆಯ ಅಣ್ಣನೋ ಆಗಿರುತ್ತಾನೆ. ಮೂರು ತಿಂಗಳ ಮೇಲೆ ಅವನನ್ನೇ ಡಾಕ್ಟರರು ಕೇಳುತ್ತಾರೆ: "ಅವರದೇ ಎಲುಬು ಇಡೋಣವೋ, ಪ್ಲೇಟು ಹಾಕೋಣವೋ?" ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ತಿಳಿದಿರಬೇಕಾದ ನಾಲ್ಕು ಮಾತುಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ನಾವು ವೈದ್ಯರಲ್ಲ, ಲೆಕ್ಕ ಬರೆಯುವವರು. ಓದಿ ತಿಳಿದದ್ದನ್ನು ನಮ್ಮವರ ಮಾತಿನಲ್ಲಿ ಹೇಳುವುದಷ್ಟೇ ನಮ್ಮ ಕೆಲಸ.

ಎಲುಬು ತೆಗೆಯುವುದೇಕೆ?

ತಲೆಬುರುಡೆ ಒಂದು ಗಟ್ಟಿ ಡಬ್ಬಿ. ಅದರೊಳಗೆ ಮೆದುಳು, ರಕ್ತ, ನೀರಿನಂಥ ಒಂದು ದ್ರವ, ಈ ಮೂರಕ್ಕೆ ಮಾತ್ರ ಜಾಗವುಂಟು. ಒಂದು ಹೆಚ್ಚಿದರೆ ಇನ್ನೊಂದು ಕಡಮೆಯಾಗಲೇಬೇಕು. ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಮನ್ರೋ ಈ ತತ್ವದ ಮೂಲವನ್ನು 1783ರಲ್ಲಿಯೇ ಬರೆದಿಟ್ಟಿದ್ದಾನೆ. ಜೋರಾದ ಪೆಟ್ಟಿನಿಂದಾಗಲಿ, ದೊಡ್ಡ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಾಗಲಿ ಮೆದುಳು ಬಾತುಕೊಂಡರೆ ಅದಕ್ಕೆ ಹಿಗ್ಗಲು ಸ್ಥಳವಿಲ್ಲ. ಒಳಗಿನ ಒತ್ತಡ ಏರುತ್ತದೆ, ಹೊಸ ರಕ್ತ ಒಳಗೆ ಬರಲಾರದು, ರೋಗಿ ಉಳಿಯುವುದಿಲ್ಲ. ಅನ್ನ ಉಕ್ಕಿ ಬಂದಾಗ ಮುಚ್ಚಳ ಸರಿಸುವ ಹಾಗೆ ವೈದ್ಯರು ಬುರುಡೆಯ ಒಂದು ಬದಿಯಿಂದ ದೊಡ್ಡ ತುಂಡನ್ನು ಕೊಯ್ದು ತೆಗೆದು, ಮೇಲೆ ಚರ್ಮವನ್ನಷ್ಟೇ ಹೊಲಿಯುತ್ತಾರೆ. ಸಣ್ಣ ಕಿಂಡಿ ಸಾಲದು. ದೊಡ್ಡವರಲ್ಲಿ ಈ ತುಂಡು ಸಾಮಾನ್ಯವಾಗಿ 12 ಸೆಂಟಿಮೀಟರಿಗೆ ಕಡಮೆಯಿಲ್ಲದಂತೆ ಇರಬೇಕೆಂದು ಹೇಳುತ್ತಾರೆ.

ಎಲುಬು ಹೋಗುವುದಕ್ಕೆ ಬೇರೆ ಕಾರಣಗಳೂ ಇವೆ. ಅಪಘಾತದಲ್ಲಿ ಚೂರುಚೂರಾಗಿ ಮಣ್ಣು ಸೇರಿರಬಹುದು. ಗಡ್ಡೆಯೊಂದು ಎಲುಬಿನೊಳಗೇ ಬೆಳೆದಿರಬಹುದು. ಹಿಂದೆ ಕೂಡಿಸಿದ್ದ ತುಂಡಿಗೆ ಕೀವು ಹಿಡಿದು ತೆಗೆಯಬೇಕಾಗಿ ಬಂದಿರಬಹುದು. ಕಾರಣ ಯಾವುದೆಂಬುದು ಮುಂದಿನ ಆಯ್ಕೆಗೆ ಬಹಳ ಮುಖ್ಯ. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ತೆರಪನ್ನು ಹಾಗೆಯೇ ಬಿಟ್ಟರೆ?

"ಜೀವ ಉಳಿಯಿತಲ್ಲ, ಇನ್ನೊಂದು ಆಪರೇಷನ್ ಏಕೆ?" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರ ಭಯ ಸಹಜವೇ. ಆದರೆ ಎಲುಬಿಲ್ಲದ ಕಡೆ ಮೆದುಳಿಗೆ ಚರ್ಮವೊಂದೇ ಕಾವಲು. ರೋಗಿ ಎದ್ದು ಕುಳಿತಾಗ ಆ ಭಾಗ ಕುಳಿ ಬೀಳುತ್ತದೆ. ಮಲಗಿದಾಗ, ಕೆಮ್ಮಿದಾಗ ಉಬ್ಬುತ್ತದೆ. ನಾಡಿಯೊಡನೆ ಮಿಡಿಯುವುದೂ ಕಣ್ಣಿಗೆ ಕಾಣುತ್ತದೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಅದು ಕಾಣುವ ತೊಂದರೆಯಾಯಿತು. ಕಾಣದ ತೊಂದರೆಯೂ ಉಂಟು. ಅಮೆರಿಕದ ಗ್ರಾಂಟ್ ಮತ್ತು ನಾರ್‌ಕ್ರಾಸ್ ಎಂಬ ವೈದ್ಯರು 1939ರಲ್ಲಿ ಇಂಥವರ ತಲೆನೋವು, ತಲೆಸುತ್ತು, ಬೇಗನೆ ಆಯಾಸ, ಮನಸ್ಸಿನ ತಳಮಳ ಇವೆಲ್ಲ ಒಂದೇ ಕಾಯಿಲೆಯ ಲಕ್ಷಣಗಳೆಂದು ವಿವರಿಸಿದರು. ಹೊರಗಿನ ಗಾಳಿಯ ಭಾರ ನೇರವಾಗಿ ಚರ್ಮದ ಮೂಲಕ ಮೆದುಳನ್ನು ಒತ್ತುವುದು ಇದಕ್ಕೆ ಒಂದು ಕಾರಣವೆಂದು ತಿಳಿಯಲಾಗಿದೆ. ಕೆಲವರಲ್ಲಿ ಕೈಕಾಲಿನ ಬಲವೂ ಕುಗ್ಗುತ್ತದೆ. ಮುಚ್ಚಳ ಕೂಡಿಸಿದ ಮೇಲೆ ಮಾತು, ನಡಿಗೆ ಸುಧಾರಿಸಿದವರಿದ್ದಾರೆ. ಆದ್ದರಿಂದ ಈ ಎರಡನೆಯ ಶಸ್ತ್ರಕ್ರಿಯೆ ಅಂದಚೆಂದಕ್ಕಾಗಿ ಮಾತ್ರ ಮಾಡುವುದೆಂದು ಯಾರೂ ತಿಳಿಯಬಾರದು.

ಹಿಂದಿನವರು ಏನು ಮಾಡುತ್ತಿದ್ದರು?

ಬಲ್ಲಾಳನ ಭೋಜಪ್ರಬಂಧದಲ್ಲಿ ಭೋಜರಾಜನ ತಲೆಬುರುಡೆ ತೆರೆದು ಚಿಕಿತ್ಸೆ ಮಾಡಿದ ಕಥೆಯಿದೆ. ಅದು ಕಥೆಯೆಂದೇ ಇಟ್ಟುಕೊಳ್ಳೋಣ. ಬರೆದಿಟ್ಟ ವೈದ್ಯಚರಿತ್ರೆಯಲ್ಲಿ ಹೆಸರಾದದ್ದು ಹಾಲೆಂಡಿನ ಯೋಬ್ ವಾನ್ ಮೀಕರನ್ ಎಂಬಾತನ ಗ್ರಂಥ. ಅದು ಅಚ್ಚಾದದ್ದು 1668ರಲ್ಲಿ. ರಷ್ಯದ ಒಬ್ಬ ಸರದಾರನ ಬುರುಡೆಯ ತೆರಪಿಗೆ ನಾಯಿಯ ಎಲುಬನ್ನು ಕೂಡಿಸಿದರೆಂದೂ, ನಾಯಿಯ ಅಂಶ ಮೈಯಲ್ಲಿರುವವನಿಗೆ ಇಗರ್ಜಿಯಲ್ಲಿ ಸ್ಥಳವಿಲ್ಲವೆಂದು ಪಾದ್ರಿಗಳು ಬಹಿಷ್ಕಾರ ಹಾಕಿದರೆಂದೂ, ಅದನ್ನು ತೆಗೆಸಿಕೊಳ್ಳಲು ಅವನು ಬಂದಾಗ ಗಾಯ ಚೆನ್ನಾಗಿ ಮಾಗಿ ಎಲುಬು ಗಟ್ಟಿಯಾಗಿ ಕೂಡಿತ್ತೆಂದೂ ಅದರಲ್ಲಿ ಬರೆದಿದೆ. ರೋಗಿಯದೇ ಎಲುಬನ್ನು ಮರಳಿ ಕೂಡಿಸಿದ ಮೊದಲ ಪ್ರಯೋಗ ಜರ್ಮನಿಯ ಫಿಲಿಪ್ ಫಾನ್ ವಾಲ್ಟರನದು, 1821ರಲ್ಲಿ.

ಕೃತಕ ವಸ್ತುಗಳ ಹುಡುಕಾಟವೂ ಹಳೆಯದೇ. ಚಿನ್ನ, ಬೆಳ್ಳಿ, ಸೆಲ್ಯುಲಾಯ್ಡ್ ಎಲ್ಲವನ್ನೂ ಪ್ರಯತ್ನಿಸಿ ನೋಡಿದ್ದಾರೆ. ಚಿನ್ನ ಮೆದು ಮತ್ತು ದುಬಾರಿ. ಒಂದನೆಯ ಮಹಾಯುದ್ಧದ ಗಾಯಾಳುಗಳಿಗೆ ಬೆಳ್ಳಿಯ ತಗಡು ಹಾಕಿದ್ದುಂಟು; ಅದು ಮೈಯೊಳಗೆ ಕಪ್ಪಾಗಿ ಸುತ್ತಲ ಮಾಂಸವನ್ನೂ ಕಪ್ಪಾಗಿಸುತ್ತಿತ್ತು. "ತಲೆಯಲ್ಲಿ ಬೆಳ್ಳಿ ಪ್ಲೇಟು ಹಾಕಿದ್ದಾರೆ" ಎಂಬ ಮಾತು ನಮ್ಮ ಜನರ ಬಾಯಲ್ಲಿ ಇನ್ನೂ ಕೇಳುತ್ತದಾದರೂ ಈಗ ಯಾರೂ ಬೆಳ್ಳಿ ಹಾಕುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಟ್ಯಾಂಟಲಮ್ ಲೋಹವೂ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕೂ ಬಂದವು. ಅಕ್ರಿಲಿಕ್ಕನ್ನು ಮನುಷ್ಯನ ಬುರುಡೆಗೆ ಮೊದಲು ಬಳಸಿದ್ದು 1940ರ ಸುಮಾರಿಗೆ. ಟೈಟೇನಿಯಮ್ ಲೋಹ 1960ರ ದಶಕದಲ್ಲಿ ಬಂತು.

ಸ್ವಂತ ಎಲುಬು ಹೇಗೆ ಕೂಡುತ್ತದೆ?

ತೆಗೆದ ತುಂಡನ್ನು ಎರಡು ರೀತಿಯಲ್ಲಿ ಕಾಯ್ದಿಡುತ್ತಾರೆ. ಒಂದು, ರೋಗಿಯ ಹೊಟ್ಟೆಯ ಚರ್ಮದ ಕೆಳಗೆ, ಕೊಬ್ಬಿನ ನಡುವೆ ಜೇಬಿನಂತೆ ಸ್ಥಳ ಮಾಡಿ ಅಲ್ಲಿ ಇಟ್ಟು ಹೊಲಿಯುವುದು. ಇನ್ನೊಂದು, ಬಹಳ ತಣ್ಣಗಿನ ಪೆಟ್ಟಿಗೆಯಲ್ಲಿ ಇಡುವುದು. ಅನೇಕ ಕಡೆ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತದಲ್ಲಿ ಇಡುತ್ತಾರೆ. ಹೊಟ್ಟೆಯಲ್ಲಿ ಎಲುಬೆಂದು ಕೇಳಿದೊಡನೆ ನಮ್ಮವರು ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ, ಅದು ಕರುಳಿನ ಹತ್ತಿರವಿರದೆ ಚರ್ಮದ ಅಡಿಯಲ್ಲಿಯೇ ಇರುತ್ತದೆ. ಹೊಟ್ಟೆಗೆ ಇನ್ನೊಂದು ಗಾಯವಾಗುವುದು, ತಿಂಗಳುಗಟ್ಟಲೆ ಇದ್ದರೆ ಎಲುಬಿನ ಅಂಚು ಸವೆಯಬಹುದಾದದ್ದು ಇದರ ಕುಂದು. ಆದರೆ ಪರಸ್ಥಳದಲ್ಲಿ ದುಡಿಯುವ ನಮ್ಮಂಥವರಿಗೆ ದೊಡ್ಡ ಅನುಕೂಲವೊಂದುಂಟು. ಎಲುಬು ರೋಗಿಯ ಜತೆಯಲ್ಲಿಯೇ ಪ್ರಯಾಣ ಮಾಡುತ್ತದೆ. ಮೊದಲ ಶಸ್ತ್ರಕ್ರಿಯೆ ಇಲ್ಲಿ ಆಗಿ, ಆಮೇಲೆ ಊರಿಗೆ ಹತ್ತಿರವೆಂದು ಬೆಂಗಳೂರಿನ ನಿಮ್ಹಾನ್ಸಿಗೋ ಹುಬ್ಬಳ್ಳಿಯ ಆಸ್ಪತ್ರೆಗೋ ಹೋದರೂ ತುಂಡು ಅಲ್ಲಿಗೆ ತಲುಪಿರುತ್ತದೆ. ಶೀತದ ಪೆಟ್ಟಿಗೆಯಲ್ಲಿಟ್ಟದ್ದಾದರೆ ಅದು ಆ ಆಸ್ಪತ್ರೆಯಲ್ಲಿಯೇ ಉಳಿಯುತ್ತದೆ. ನಮಗೆ ತಿಳಿದ ಒಂದು ಕುಟುಂಬ ರೋಗಿಯನ್ನು ಊರಿಗೆ ಕರೆದೊಯ್ದು ವರ್ಷ ಕಳೆದ ಮೇಲೆ ಮರಳಿ ಬಂತು. ಅಷ್ಟು ದಿನ ಇಡುವ ನಿಯಮವಿಲ್ಲವೆಂದು ಅಷ್ಟರೊಳಗೆ ಎಲುಬನ್ನು ವಿಲೇವಾರಿ ಮಾಡಿದ್ದರು. ಆ ನಿಯಮವನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕೊನೆಗೆ ಸಾಲ ಮಾಡಿ ಪ್ಲೇಟು ಕೊಳ್ಳಬೇಕಾಯಿತು.

ಮರಳಿ ಕೂಡಿಸಿದ ಎಲುಬಿನ ಒಳಗಿನ ಜೀವಕಣಗಳು ಬಹುಮಟ್ಟಿಗೆ ಸತ್ತಿರುತ್ತವೆ. ಹಾಗಾದರೆ ಪ್ರಯೋಜನವೇನು? ಚಪ್ಪರಕ್ಕೆ ಬಳ್ಳಿ ಹಬ್ಬುವುದನ್ನು ನೆನೆದುಕೊಳ್ಳಿ. ಒಣಗಿದ ಗಳುವಿಗೆ ಜೀವವಿಲ್ಲ. ಬಳ್ಳಿಗೆ ಆಸರೆ ಕೊಡುತ್ತದೆ. ಹಾಗೆಯೇ ಹಳೆಯ ಎಲುಬಿನ ಚೌಕಟ್ಟಿನೊಳಕ್ಕೆ ಸುತ್ತಲ ಜೀವಂತ ಎಲುಬಿನಿಂದ ಸಣ್ಣ ರಕ್ತನಾಳಗಳು ನುಗ್ಗಿ, ಹಳೆಯದನ್ನು ಕರಗಿಸುತ್ತ ಹೊಸದನ್ನು ಕಟ್ಟುತ್ತ ಬರುತ್ತವೆ. ಎಲ್ಲವೂ ಸರಿಯಾಗಿ ನಡೆದರೆ ಅದು ಮತ್ತೆ ಜೀವಂತ ಬುರುಡೆಯೇ ಆಗುತ್ತದೆ. ಇದು ಯಾವ ಕೃತಕ ವಸ್ತುವಿಗೂ ಪೂರ್ತಿಯಾಗಿ ಬಾರದ ಗುಣ. ಆಕಾರ ಸರಿಯಾಗಿ ಕೂಡುತ್ತದೆ, ತುಂಡಿಗೆ ಬೆಲೆ ಕೊಡಬೇಕಾಗಿಲ್ಲ, ಮುಂದೆ ಫೋಟೋ ತೆಗೆಯಲು ಅಡ್ಡಿಯಿಲ್ಲ.

ಕುಂದನ್ನೂ ಹೇಳಬೇಕು. ಕರಗಿಸುವ ಕೆಲಸ ವೇಗವಾಗಿ ನಡೆದು ಕಟ್ಟುವ ಕೆಲಸ ಹಿಂದೆ ಬಿದ್ದರೆ ತುಂಡು ಸವೆದು ಸಡಿಲವಾಗುತ್ತದೆ. ಆಗ ಇನ್ನೊಮ್ಮೆ ಶಸ್ತ್ರಕ್ರಿಯೆ ತಪ್ಪದು. ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರು 64 ರೋಗಿಗಳನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಸ್ವಂತ ಎಲುಬನ್ನೂ ಇನ್ನೊಂದಕ್ಕೆ ಅಳತೆಗೆ ಮಾಡಿದ ಟೈಟೇನಿಯಮ್ ತಗಡನ್ನೂ ಕೂಡಿಸಿ ಒಂದು ವರ್ಷ ಗಮನಿಸಿದರು. 2017ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಸ್ವಂತ ಎಲುಬಿನವರಲ್ಲಿ ಸುಮಾರು ಐವರಿಗೊಬ್ಬರಂತೆ ಎಲುಬು ಪೂರ್ತಿ ಸವೆದುಹೋಗಿತ್ತು. ಗುಂಪು ಸಣ್ಣದು, ಎಲ್ಲ ಊರಿನ ಲೆಕ್ಕವೂ ಒಂದೇ ಬರುವುದಿಲ್ಲ. ಆದರೂ ಐವರಲ್ಲಿ ನಾಲ್ವರಿಗೆ ಅದು ನಿಂತಿತೆಂಬುದನ್ನೂ, ಒಬ್ಬರಿಗೆ ನಿಲ್ಲಲಿಲ್ಲವೆಂಬುದನ್ನೂ ಎರಡನ್ನೂ ಮನಸ್ಸಿನಲ್ಲಿಡಬೇಕು. ಚಿಕ್ಕ ಮಕ್ಕಳಲ್ಲಿ ಈ ಸವೆತ ಹೆಚ್ಚು.

ತೆಗೆದ ತುಂಡು ಕೆಟ್ಟಿದ್ದರೆ ಬೇರೆ ಕಡೆಯ ಎಲುಬನ್ನು ತರುವುದೂ ಉಂಟು. ಬುರುಡೆಯ ಎಲುಬು ಒಬ್ಬಟ್ಟಿನ ಹಾಗೆ: ಮೇಲೊಂದು ಗಟ್ಟಿ ಪದರ, ಕೆಳಗೊಂದು ಗಟ್ಟಿ ಪದರ, ನಡುವೆ ಹೂರಣದಂತೆ ಮೆತ್ತನೆಯ ಭಾಗ. ಗಾಯವಿಲ್ಲದ ಕಡೆಯಿಂದ ತುಂಡು ತೆಗೆದು ಆ ಎರಡು ಪದರಗಳನ್ನು ಬಿಡಿಸಿದರೆ ಒಂದು ತೆರಪಿಗೆ, ಇನ್ನೊಂದು ಮೊದಲಿನ ಸ್ಥಳಕ್ಕೆ. ಪಕ್ಕೆಲುಬನ್ನು ಉದ್ದಕ್ಕೆ ಸೀಳಿ ಹೊಂದಿಸುವುದೂ ಉಂಟು; ಎಲುಬಿನ ಮೇಲಣ ಪೊರೆಯನ್ನು ಹಾಗೆಯೇ ಉಳಿಸಿದರೆ ಪಕ್ಕೆಲುಬು ಮತ್ತೆ ಬೆಳೆಯಬಲ್ಲದು. ಆದರೆ ಇದರಿಂದ ನೋವು ಎರಡು ಕಡೆ, ಹೊತ್ತು ಹೆಚ್ಚು. ಬಹು ದೊಡ್ಡ ತೆರಪಿಗೆ ಎಲುಬು ಸಾಲುವುದಿಲ್ಲ.

ಕೃತಕ ವಸ್ತುಗಳು ಯಾವುವು?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಇನ್ನೊಬ್ಬರ ಮೂತ್ರಪಿಂಡ ಕೂಡಿಸಿದಾಗ ದೇಹ ಅದನ್ನು ತಿರಸ್ಕರಿಸುವ ಹಾಗೆ ಈ ವಸ್ತುಗಳನ್ನು ತಿರಸ್ಕರಿಸುವುದಿಲ್ಲ. ಅದಕ್ಕಾಗಿ ಜೀವಮಾನವೆಲ್ಲ ಮಾತ್ರೆ ನುಂಗಬೇಕಾಗಿಲ್ಲ. ಇವುಗಳ ಶತ್ರು ಕೀವು. ಸೂಕ್ಷ್ಮ ಜೀವಿಗಳು ಇವುಗಳ ಮೈಮೇಲೆ ಲೋಳೆಯ ಪೊರೆ ಕಟ್ಟಿ ಅದರ ಮರೆಯಲ್ಲಿ ಕುಳಿತರೆ ಔಷಧ ತಲುಪುವುದು ಕಷ್ಟ. ಬಹುಮಟ್ಟಿಗೆ ಪ್ಲೇಟನ್ನು ತೆಗೆಯಬೇಕಾಗುತ್ತದೆ. ಇನ್ನೂ ರಕ್ತ ಹರಿಯದ ಸ್ವಂತ ಎಲುಬಿಗೂ ಇದೇ ಅಪಾಯವುಂಟು.

ಅಕ್ರಿಲಿಕ್. ಹಲ್ಲಿನ ಸೆಟ್ಟಿನಲ್ಲಿ ಕಾಣುವ ಗುಲಾಬಿ ಬಣ್ಣದ ವಸಡು ಇದೇ ಜಾತಿಯ ವಸ್ತು. ಲಂಡನ್ನಿನ ಹೆರಾಲ್ಡ್ ರಿಡ್ಲೆ 1949ರಲ್ಲಿ ಕಣ್ಣಿನ ಪೊರೆ ತೆಗೆದು ಒಳಗೆ ಕೂಡಿಸಿದ ಮೊದಲ ಕೃತಕ ಮಸೂರವೂ ಇದರದೇ. ಪುಡಿಯನ್ನೂ ದ್ರವವನ್ನೂ ಕಲಸಿದರೆ ಹಿಟ್ಟಿನಂತಾಗಿ ಕೆಲವು ನಿಮಿಷಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಬಹಳ ಬಿಸಿಯಾಗುವುದರಿಂದ ನೀರು ಬಿಟ್ಟು ತಣಿಸುತ್ತ ಕೆಲಸ ಮಾಡಬೇಕು, ಇಲ್ಲವೇ ಮೊದಲೇ ಅಚ್ಚಿನಲ್ಲಿ ಎರಕ ಹೊಯ್ದು ತರಬೇಕು. ರೋಗಿಯ ಸಿ.ಟಿ. ಚಿತ್ರದಿಂದ ಯಂತ್ರದ ಮೂಲಕ ಅಚ್ಚು ಮಾಡಿಕೊಂಡು ಅದರಲ್ಲಿ ಇದನ್ನು ಎರೆಯುವ ಪದ್ಧತಿ ಈಗ ನಮ್ಮ ದೇಶದಲ್ಲಿಯೂ ಇದೆ. ಆಕಾರ ಚೆನ್ನಾಗಿ ಬರುತ್ತದೆ. ಕೃತಕ ವಸ್ತುಗಳಲ್ಲಿ ಇದೇ ಅಗ್ಗ. ಎಲುಬಿನೊಡನೆ ಬೆಸೆಯುವುದಿಲ್ಲ, ಜೋರಾದ ಪೆಟ್ಟಿಗೆ ಒಡೆಯಬಹುದು, ಇವು ಇದರ ಕುಂದುಗಳು.

ಟೈಟೇನಿಯಮ್. ಹಗುರ, ಬಲವಾದದ್ದು, ತುಕ್ಕು ಹಿಡಿಯದು. ಜಾಲರಿಯಾಗಿಯೂ, ಅಳತೆಗೆ ಮಾಡಿದ ತಗಡಾಗಿಯೂ ಸಿಗುತ್ತದೆ. ಸಣ್ಣ ಸ್ಕ್ರೂಗಳಿಂದ ಬಿಗಿಯುತ್ತಾರೆ. ಅಯಸ್ಕಾಂತಕ್ಕೆ ಅಂಟದ ಲೋಹವಾದ್ದರಿಂದ ಎಂ.ಆರ್.ಐ. ಪರೀಕ್ಷೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ; ಆದರೆ ಪರೀಕ್ಷೆಯವರಿಗೆ ಮೊದಲೇ ತಿಳಿಸಲೇಬೇಕು. ಚಿತ್ರದಲ್ಲಿ ಲೋಹದ ಸುತ್ತ ತುಸು ಮಸುಕು ಕಾಣುತ್ತದೆ. ತಲೆಯ ಚರ್ಮ ತೆಳುವಾಗಿದ್ದರೆ ವರ್ಷಗಳ ಮೇಲೆ ಅಂಚು ಚರ್ಮವನ್ನು ಸವೆಸಿ ಹೊರಗೆ ಕಾಣಿಸಿಕೊಳ್ಳುವುದುಂಟು. ಅಳತೆಗೆ ಮಾಡಿಸಿದ್ದು ದುಬಾರಿ.

ಪೀಕ್. 1990ರ ದಶಕದ ಕೊನೆಯಿಂದ ವೈದ್ಯಕೀಯಕ್ಕೆ ಬಂದ ಗಟ್ಟಿ ಪ್ಲಾಸ್ಟಿಕ್. ಎಲುಬಿನಂತೆಯೇ ಬಾಗುವ ಗುಣ, ಚಿತ್ರ ತೆಗೆದಾಗ ಮಸುಕಿಲ್ಲ. ರೋಗಿಯ ಸಿ.ಟಿ. ಚಿತ್ರ ನೋಡಿ ಮೊದಲೇ ತಯಾರಿಸುತ್ತಾರೆ. ಎಲುಬು ಇದರೊಡನೆ ಬೆಸೆಯುವುದಿಲ್ಲ. ಬೆಲೆಯಂತೂ ನಮ್ಮಂಥವರ ಕೈಗೆ ಎಟುಕುವುದು ಕಷ್ಟ.

ಹೈಡ್ರಾಕ್ಸಿ ಅಪಟೈಟ್. ಎಲುಬಿನಲ್ಲಿ ಸಹಜವಾಗಿಯೇ ಇರುವ ಸುಣ್ಣದ ಅಂಶದಂಥದನ್ನು ತಯಾರಿಸಿ ಮಾಡಿದ್ದು. ಸುತ್ತಲ ಎಲುಬು ಇದಕ್ಕೆ ಅಂಟಿಕೊಳ್ಳಬಲ್ಲದು. ಆದರೆ ಮಣ್ಣಿನ ಗಡಿಗೆಯಂತೆ ಪೆಟ್ಟಿಗೆ ಒಡೆಯುವ ಸ್ವಭಾವ. ಸಣ್ಣ ತೆರಪು, ತಗ್ಗು ತುಂಬಲು ಹೆಚ್ಚು ತಕ್ಕದ್ದು.

ಹಾಗಾದರೆ ಯಾವುದು?

ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ಎಲುಬು ಹೋದ ಕಾರಣವನ್ನು ನೋಡಿದರೆ ಉತ್ತರದ ದಾರಿ ಕಾಣುತ್ತದೆ.

ಮೆದುಳು ಬಾತುಕೊಂಡದ್ದಕ್ಕಾಗಿ ತೆಗೆದ ತುಂಡು ಇಡಿಯಾಗಿದ್ದು, ಶುದ್ಧವಾಗಿದ್ದು, ಸರಿಯಾಗಿ ಕಾಯ್ದಿಟ್ಟದ್ದಾದರೆ ಸ್ವಂತ ಎಲುಬನ್ನೇ ಮೊದಲು ಯೋಚಿಸುವುದು ವಾಡಿಕೆ. ತುಂಡು ಹಲವು ಚೂರಾಗಿದ್ದರೆ, ಗಡ್ಡೆ ಸೇರಿದ್ದರೆ, ಕಾಯ್ದಿಡುವುದೇ ಆಗಿರದಿದ್ದರೆ ಅಥವಾ ಒಮ್ಮೆ ಕೂಡಿಸಿದ್ದು ಸವೆದುಹೋಗಿದ್ದರೆ ಕೃತಕ ವಸ್ತು ಯುಕ್ತ. ಕೀವು ಹಿಡಿದು ತೆಗೆದ ತುಂಡನ್ನು ಸಾಮಾನ್ಯವಾಗಿ ಮರಳಿ ಇಡುವುದಿಲ್ಲ. ಅಂಥ ಕಡೆ ಗಾಯ ಪೂರ್ತಿ ಮಾಗಿ ಕೀವಿನ ಸುಳಿವೂ ಇಲ್ಲವೆಂದು ಖಚಿತವಾಗುವ ತನಕ ಹಲವು ತಿಂಗಳು ಕಾಯಬೇಕು. "ಬೇಗ ಹಾಕಿಬಿಡಿ" ಎಂದು ಡಾಕ್ಟರರನ್ನು ಅವಸರಪಡಿಸುವುದು ರೋಗಿಗೆ ಮಾಡುವ ಅಪಕಾರ.

ಹಣೆಯ ಕೆಳಭಾಗದಲ್ಲಿ, ಹುಬ್ಬಿನ ಮೇಲೆ, ಮೂಗಿಗೆ ಸಂಬಂಧಿಸಿದ ಗಾಳಿಯ ಗೂಡುಗಳಿವೆ. ತೆರಪು ಅವುಗಳಿಗೆ ತಾಗಿದ್ದರೆ ನಂಜಿನ ಭಯ ಹೆಚ್ಚಾದ್ದರಿಂದ ಅಲ್ಲಿ ಜೀವಂತ ಎಲುಬಿಗೆ ಪ್ರಾಶಸ್ತ್ಯ ಕೊಡುವ ವೈದ್ಯರು ಅನೇಕರು.

ಮಕ್ಕಳ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಹಸುಳೆಗಳಲ್ಲಿ ಸಣ್ಣ ತೆರಪನ್ನು ದೇಹವೇ ಮುಚ್ಚಿಕೊಳ್ಳಬಲ್ಲದು. ಬೆಳೆಯುವ ಮಗುವಿನ ಬುರುಡೆ ಹಿಗ್ಗುತ್ತದೆ, ತಗಡು ಹಿಗ್ಗುವುದಿಲ್ಲ. ಆದ್ದರಿಂದ ಸ್ವಂತ ಎಲುಬೇ ಲೇಸೆನ್ನಬೇಕು, ಆದರೆ ಅದು ಸವೆಯುವುದೂ ಮಕ್ಕಳಲ್ಲಿಯೇ ಹೆಚ್ಚೆಂದು ಮೇಲೆ ಹೇಳಿದ್ದೇವೆ. ಬುರುಡೆಯ ಎರಡು ಪದರಗಳನ್ನು ಬಿಡಿಸುವ ಕ್ರಮವೂ ತೀರ ಎಳೆಯ ಮಕ್ಕಳಲ್ಲಿ ಸಾಗದು, ಏಕೆಂದರೆ ನಡುವಿನ ಹೂರಣ ಅವರಲ್ಲಿ ಇನ್ನೂ ಮೂಡಿರುವುದಿಲ್ಲ. ಮಗುವಿನ ತಂದೆತಾಯಿಗಳು ಇನ್ನೊಂದು ಶಸ್ತ್ರಕ್ರಿಯೆ ಬೇಕಾಗಬಹುದೆಂದು ಮನಸ್ಸನ್ನು ಮೊದಲೇ ಗಟ್ಟಿಮಾಡಿಕೊಂಡಿರುವುದು ಒಳ್ಳೆಯದು.

ಇನ್ನು ಹಣದ ಮಾತು. ಬೆಲೆ ಹೆಚ್ಚಾದಷ್ಟೂ ವಸ್ತು ಒಳ್ಳೆಯದೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. "ಮಗನ ತಲೆಗೆ ಅಗ್ಗದ್ದು ಹಾಕಿಸಿದನೆಂದು ಜನ ಆಡಿಕೊಂಡಾರು" ಎಂದು ಎರಡು ಎಕರೆ ಹೊಲ ಮಾರಿದವರನ್ನು ನಾವು ಬಲ್ಲೆವು. ಆ ಹುಡುಗನ ಸ್ವಂತ ಎಲುಬು ಶುದ್ಧವಾಗಿ ಅವನ ಹೊಟ್ಟೆಯಲ್ಲಿಯೇ ಇತ್ತು. ಅದು ಏಕೆ ಆಗದೆಂದು ಒಂದು ಮಾತು ಕೇಳಿದ್ದರೆ ಹೊಲ ಉಳಿಯುತ್ತಿತ್ತೋ ಏನೋ. ದುಬಾರಿ ವಸ್ತು ಬೇಡವೆಂದು ನಾವು ಹೇಳುವುದಿಲ್ಲ. ತೆರಪು ಬಹು ದೊಡ್ಡದಾಗಿ, ಆಕಾರ ಕ್ಲಿಷ್ಟವಾಗಿ, ವೈದ್ಯರು ಕಾರಣ ಹೇಳಿ ಅದನ್ನೇ ಸೂಚಿಸಿದರೆ ಅದು ಬೇರೆ ಮಾತು. ಆದರೆ ಚೆನ್ನಾಗಿ ಎರೆದ ಅಕ್ರಿಲಿಕ್ ಮುಚ್ಚಳ ಹಾಕಿಸಿಕೊಂಡು ಕೆಲಸಕ್ಕೆ ಮರಳಿದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆಂಬುದೂ ತಿಳಿದಿರಲಿ.

ವಿಮೆಯ ಕಾರ್ಖಾನೆಗಳಲ್ಲಿ ದುಡಿಯುವವರು ಇ.ಎಸ್.ಐ. ಕಚೇರಿಯಲ್ಲಿ ಮೊದಲು ವಿಚಾರಿಸಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗಿನ ಚಿಕಿತ್ಸೆಗೆ ಅವಕಾಶವುಂಟು; ಊರಿನಲ್ಲಿ ಮಾಡಿಸಿದ ಕಾರ್ಡು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿಯೂ ನಡೆಯುವಂತೆ ಏರ್ಪಾಡಿದೆ. ಶಸ್ತ್ರಕ್ರಿಯೆಯ ಖರ್ಚು ಸಿಕ್ಕರೂ ಪ್ಲೇಟಿನ ಖರ್ಚು ಅದರಲ್ಲಿ ಸೇರಿದೆಯೇ, ಯಾವ ವಸ್ತುವಿಗೆ ಸೇರಿದೆ ಎಂಬುದನ್ನು ದಿನ ಗೊತ್ತುಮಾಡುವ ಮೊದಲೇ ಕೇಳಿಕೊಳ್ಳಬೇಕು. ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಸಮಾಜಸೇವಾ ವಿಭಾಗವಿರುತ್ತದೆ. ಅಲ್ಲಿ ಕೇಳಲು ಸಂಕೋಚ ಬೇಡ.

ಕೇಳಬೇಕಾದ ಪ್ರಶ್ನೆಗಳು

ಡಾಕ್ಟರರ ಎದುರು ನಿಂತಾಗ ಮಾತು ಮರೆತುಹೋಗುತ್ತದೆ. ಆದ್ದರಿಂದ ಈ ಐದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಮೇಲು.

ಒಂದು: ತೆಗೆದ ಎಲುಬು ಎಲ್ಲಿದೆ? ಶೀತದ ಪೆಟ್ಟಿಗೆಯಾದರೆ ಅದರ ನಂಬರು ಏನು, ಎಷ್ಟು ತಿಂಗಳು ಇಡುತ್ತೀರಿ?

ಎರಡು: ಅದನ್ನೇ ಮರಳಿ ಕೂಡಿಸಬಹುದೇ? ಆಗದಿದ್ದರೆ ಕಾರಣವೇನು?

ಮೂರು: ಕೃತಕ ವಸ್ತುವಾದರೆ ಯಾವುದು, ಅದಕ್ಕಿಂತ ಅಗ್ಗದ್ದು ಈ ರೋಗಿಗೆ ಏಕೆ ಸಾಲದು?

ನಾಲ್ಕು: ಇವರ ಮೈಗೆ ಸಕ್ಕರೆ ಕಾಯಿಲೆ, ಹಳೆಯ ಕೀವು, ತೆಳು ಚರ್ಮ ಇಂಥ ಯಾವ ಅಡ್ಡಿಯಿದೆ?

ಐದು: ಯಾವಾಗ ಮಾಡುವುದು ಒಳ್ಳೆಯದು, ಅಷ್ಟರವರೆಗೆ ಏನು ಎಚ್ಚರ ಬೇಕು?

ಕಾಯುವ ದಿನಗಳಲ್ಲಿ ರೋಗಿ ಆ ಬದಿಗೆ ಮಲಗಬಾರದು. ಓಡಾಡುವಾಗ ವೈದ್ಯರು ಹೇಳಿದ ಗಟ್ಟಿ ಟೊಪ್ಪಿಗೆ ಹಾಕಬೇಕು. ಜನಜಂಗುಳಿಯ ಲೋಕಲ್ ಗಾಡಿಯ ಪ್ರಯಾಣ ಬೇಡ. ಸಿ.ಟಿ. ಚಿತ್ರದ ತಟ್ಟೆ, ಬಿಡುಗಡೆಯ ಕಾಗದ, ಎಲುಬಿಟ್ಟ ಚೀಟಿ, ಮುಂದೆ ಹಾಕಿದ ಪ್ಲೇಟಿನ ವಿವರ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಊರಿಗೆ ಹೋದರೂ ಜತೆಯಲ್ಲಿಯೇ ಒಯ್ಯಬೇಕು. ಮುಚ್ಚಳ ಕೂಡಿಸಿದ ಮೇಲೆ ಹೊಲಿಗೆಯ ಕಡೆ ಕೆಂಪೇರಿದರೆ, ನೀರು ಒಸರಿದರೆ, ಜ್ವರ ಬಂದರೆ, ಕೂಡಿಸಿದ ಭಾಗ ಅಲುಗಿದರೆ ಅಥವಾ ತಗ್ಗಾದರೆ ಎಣ್ಣೆ ಅರಿಸಿನ ಹಚ್ಚುತ್ತ ಕೂಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಿಂಗಳುಗಳ ಮೇಲೆಯೂ ಇವು ಕಾಣಿಸಿಕೊಳ್ಳಬಹುದಾದ್ದರಿಂದ ಡಾಕ್ಟರರು ಮತ್ತೆ ಬರಹೇಳಿದ ತಾರೀಖನ್ನು ರಜೆಯಿಲ್ಲವೆಂದು ತಪ್ಪಿಸಬಾರದು.

ಇಂಗ್ಲಿಷಿನಲ್ಲಿರುವ ಆಸ್ಪತ್ರೆಯ ಕಾಗದ ಓದಲು ತೊಡಕಾದವರು ಭಾನುವಾರ ವಾಚನಾಲಯಕ್ಕೆ ತಂದರೆ ಓದಿ ಹೇಳಲು, ಪ್ರಶ್ನೆಗಳನ್ನು ಬರೆದುಕೊಡಲು ನಮ್ಮಲ್ಲಿ ಜನರಿದ್ದಾರೆ. ಚಿಕಿತ್ಸೆಯ ತೀರ್ಮಾನ ವೈದ್ಯರದು ಮತ್ತು ಮನೆಯವರದು. ರುಜು ಹಾಕುವ ಕೈಗೆ ತಾನು ಏತಕ್ಕೆ ರುಜು ಹಾಕುತ್ತಿದ್ದೇನೆಂಬುದು ತಿಳಿದಿದ್ದರೆ ನಾವು ಇಷ್ಟು ಬರೆದದ್ದು ಸಾರ್ಥಕ.